ಆರಿದ ದೀಪದ ಸಾಕ್ಷ್ಯ

ಮೋಟಾರುಗಾಡಿಯ ಎಣ್ಣೆ ಸೋರುವುದೂ ಒಂದು ಧರ್ಮಜಿಜ್ಞಾಸೆಗೆ ವಿಷಯವೇ ಎಂದು ಕೆಲವರು ನಕ್ಕಾರು. ನಗುವುದಕ್ಕೆ ಕಾರಣವಿಲ್ಲದೆ ಇಲ್ಲ. ಧರ್ಮಸಂಕಟವೆಂಬುದು ರಣಭೂಮಿಯಲ್ಲಿಯೋ ರಾಜಸಭೆಯಲ್ಲಿಯೋ ಹುಟ್ಟತಕ್ಕದ್ದೆಂಬ ಸಂಸ್ಕಾರವು ಬಹುಕಾಲದಿಂದ ಬೇರೂರಿದೆ. ಆದರೆ ಮನುಷ್ಯನು ದಿನಕ್ಕೊಂದು ಯುದ್ಧವನ್ನು ಮಾಡುವುದಿಲ್ಲ. ದಿನಕ್ಕೊಂದು ವ್ಯಾಪಾರವನ್ನಾದರೋ ಮಾಡುತ್ತಾನೆ. ಅವನ ಸತ್ಯಾಸತ್ಯಗಳು ಒರೆಗೆ ಬರುವುದು ಹೆಚ್ಚಾಗಿ ಅಂಗಡಿಯಲ್ಲಿ, ದನದ ಸಂತೆಯಲ್ಲಿ, ಪಾಲುಪಟ್ಟಿಯ ಜಗಲಿಯಲ್ಲಿ. ಈಚಿನ ದಿನಗಳಲ್ಲಿ ಗಾಡಿ ರಿಪೇರಿಯ ಷೆಡ್ಡಿನಲ್ಲಿ.

ಕೊಡಗಿಗೆ ಇಂದಿಗೂ ರೈಲು ಬಂದಿಲ್ಲ. ಮಡಿಕೇರಿಯಿಂದ ಪಶ್ಚಿಮಕ್ಕೆ ಇಳಿಯಬೇಕಾದರೆ ಸಂಪಾಜೆಯ ಘಟ್ಟ; ವಿರಾಜಪೇಟೆಯಿಂದ ಮಲೆಯಾಳ ದೇಶದ ಕಡೆಗೆ ಹೋಗಬೇಕಾದರೆ ಮಾಕುಟ್ಟದ ಘಟ್ಟ. ತೋಟದ ಕಾಫಿ ಮೆಣಸುಗಳನ್ನು ಸಾಗಿಸುವುದಕ್ಕೂ ನಡುರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದಕ್ಕೂ ಗಾಡಿಯೇ ಗತಿ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜರಿದು ಮಡಿಕೇರಿ ಸಂಪಾಜೆಗಳ ನಡುವಣ ಹೆದ್ದಾರಿಯು ಕಡಿದುಹೋದಾಗ, ರಸ್ತೆಯೊಂದು ಇಲ್ಲದಿದ್ದರೆ ಈ ನಾಡು ಎಷ್ಟು ದ್ವೀಪಪ್ರಾಯವಾಗುವುದೆಂಬುದು ಎಲ್ಲರಿಗೂ ತಿಳಿಯಿತು. ಇಂತಹ ನಾಡಿನಲ್ಲಿ ಹಳೆಯ ಗಾಡಿಯನ್ನು ಬಿಸಾಡುವ ಪದ್ಧತಿಯಿಲ್ಲ. 1983ರ ಡಿಸೆಂಬರಿನಲ್ಲಿ ಮೊದಲು ಹೊರಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತುಹೋದ ಮಾರುತಿ 800 ಎಂಬ ಪುಟ್ಟ ಕಾರು, ಅದಕ್ಕಿಂತಲೂ ಹಿಂದಿನ ಜೀಪುಗಳು, ಎಲ್ಲವೂ ತಂದೆಯಿಂದ ಮಗನಿಗೆ, ಮಗನಿಂದ ನೆರೆಯವನಿಗೆ, ಅವನಿಂದ ಮತ್ತೊಬ್ಬನಿಗೆ ಕೈದಾಟುತ್ತ ಬರುತ್ತವೆ. ಕೈದಾಟುವಾಗಲೆಲ್ಲ ಒಂದು ಪ್ರಶ್ನೆ ಕೂಡ ದಾಟಬೇಕಾಗಿದೆ: ಕೊಡುವವನಿಗೆ ತಿಳಿದಿರುವುದರಲ್ಲಿ ಎಷ್ಟು ಕೊಳ್ಳುವವನಿಗೆ ತಿಳಿಯತಕ್ಕದ್ದು?

ಒಂದು ಸಂದರ್ಭವನ್ನು ಮುಂದಿಟ್ಟುಕೊಂಡರೆ ವಿಚಾರವು ಸುಲಭವಾದೀತು. ಇದು ಇಂತಹ ಮನೆಯಲ್ಲಿಯೇ ನಡೆಯಿತೆಂದು ಹೇಳಬೇಕಾಗಿಲ್ಲ. ನಡೆಯಲಾರದ ಮನೆ ಕಡಮೆ. ನಾಪೋಕ್ಲಿನ ಕಡೆಯ ಒಬ್ಬ ಗೃಹಸ್ಥನು ತನ್ನ ಹಳೆಯ ಕಾರನ್ನು ಮಾರುವುದೆಂದು ನಿಶ್ಚಯಿಸಿದ್ದಾನೆ. ಕೊಳ್ಳುವವನು ಹೊಸದಾಗಿ ಕೆಲಸಕ್ಕೆ ಸೇರಿದ ತರುಣ. ಮಡಿಕೇರಿಯಲ್ಲಿ ವಾಸ, ಸುಳ್ಯದಲ್ಲಿ ಕೆಲಸ. ದಿನವೂ ಘಟ್ಟವನ್ನು ಇಳಿದು ಏರತಕ್ಕವನು. ಸಂಜೆಗೆ ಹಣವನ್ನು ತರುವೆನೆಂದು ಹೇಳಿದ್ದಾನೆ. ಬೆಳಗ್ಗೆ ಗೃಹಸ್ಥನು ಗಾಡಿಯನ್ನು ಕೊನೆಯ ಸಲ ತೋರಿಸುವುದಕ್ಕಾಗಿ ಮೇಸ್ತ್ರಿಯ ಬಳಿಗೆ ಒಯ್ದನು. ಮೇಸ್ತ್ರಿಯು ಬಾನೆಟ್ಟನ್ನು ಎತ್ತಿ, ಬೆರಳಿಟ್ಟು ಮೂಸಿ, “ಆಯಿಲ್ ಸ್ವಿಚ್ಚು ಸೋರುತ್ತಾ ಇದೆ ಸಾರ್” ಎಂದನು. ಹೊಸದು ಆ ಊರಿನ ಅಂಗಡಿಯಲ್ಲಿ ಇಲ್ಲ, ಮೈಸೂರಿನಿಂದ ಬರಬೇಕು, ಎರಡು ದಿನವಾದೀತು. ಬೆಲೆ ಕೆಲವು ನೂರು ರೂಪಾಯಿಗಳೊಳಗೆ. “ಅವಸರವಾದರೆ ಸೀಮೆಎಣ್ಣೆ ಹಾಕಿ ತೊಳೆದುಬಿಡುತ್ತೇನೆ, ಏನೂ ಕಾಣುವುದಿಲ್ಲ. ದೀಪ ಮಿಣುಕೀತು ಅಂತ ಭಯವಿದ್ದರೆ ವೈರನ್ನು ಬಿಚ್ಚಿಟ್ಟರಾಯಿತು” ಎಂದು ಅವನು ಸಹಜವಾಗಿಯೇ ನುಡಿದನು. ಅವನ ದನಿಯಲ್ಲಿ ದುಷ್ಟತನವಿರಲಿಲ್ಲ. ಎದುರಿಗಿರುವವನಿಗೆ ಉಪಕಾರ ಮಾಡುವವನ ದನಿ ಅದು. ಅನೇಕ ಅಧರ್ಮಗಳು ಮೊದಲು ಉಪಕಾರದ ವೇಷದಲ್ಲಿಯೇ ಬಾಗಿಲಿಗೆ ಬರುತ್ತವೆ.

ಈ ಸ್ವಿಚ್ಚಿನ ಸ್ವರೂಪವನ್ನು ಸ್ವಲ್ಪ ವಿವರವಾಗಿ ತಿಳಿಯದೆ ಮುಂದಿನ ವಿಚಾರವು ಹತ್ತದು. ಇಂಜಿನಿನ ಅಡಿಯಲ್ಲಿ ಎಣ್ಣೆಯ ತೊಟ್ಟಿಯೊಂದಿದೆ; ಮೇಸ್ತ್ರಿಗಳ ಮಾತಿನಲ್ಲಿ ಅದು ಚೇಂಬರು. ಪುಟ್ಟ ಕಾರಿನಲ್ಲಿ ಅದು ಹಿಡಿಯುವ ಎಣ್ಣೆ ಮೂರು ಲೀಟರಿನ ಆಸುಪಾಸು. ಇಂಜಿನು ತಿರುಗಿದೊಡನೆ ಒಂದು ಪಂಪು ಆ ಎಣ್ಣೆಯನ್ನು ಹೀರಿ, ಸೋಸುವ ಡಬ್ಬಿಯ ಮೂಲಕ ನೂಕಿ, ತಿರುಗುವ ದಂಡದ ಬೇರಿಂಗುಗಳಿಗೂ ಮೇಲಣ ಕವಾಟಗಳ ಕಡೆಗೂ ಒತ್ತಡದಿಂದ ಕಳುಹಿಸುವುದು. ಲೋಹವು ಲೋಹವನ್ನು ಮುಟ್ಟದಂತೆ ನಡುವೆ ನಿಂತು ಕಾಯುವುದು ಈ ಎಣ್ಣೆಯ ತೆಳುವಾದ ಪೊರೆ. ಅದು ತಪ್ಪಿತೆಂದರೆ ಮೂವತ್ತು ವರ್ಷ ದುಡಿದ ಇಂಜಿನು ಕೆಲವು ನಿಮಿಷಗಳಲ್ಲಿ ಕಚ್ಚಿಕೊಂಡು ನಿಲ್ಲುವುದು. ಘಟ್ಟದ ಇಳಿಜಾರಿನಲ್ಲಿ ಹಾಗಾದರೆ ಚಕ್ರಗಳೇ ಬಿಗಿದುಹೋದಾವು.

ಈ ಎಣ್ಣೆ ಹರಿಯುವ ದಾರಿಯಲ್ಲಿ ಒಂದು ರಂಧ್ರವನ್ನು ಕೊರೆದು, ಹೆಬ್ಬೆರಳ ಗಾತ್ರದ ಉಪಕರಣವೊಂದನ್ನು ತಿರುಪಿ ಕೂರಿಸಿರುತ್ತಾರೆ. ಇದೇ ಆಯಿಲ್ ಸ್ವಿಚ್ಚು. ಈಚಿನ ಹುಡುಗರು ಸೆನ್ಸಾರ್ ಎನ್ನುವರು. ಅದರ ಒಡಲಿನಲ್ಲಿ ಬಾಗುವ ಒಂದು ಪೊರೆ, ಅದರ ಹಿಂದೆ ಒಂದು ಸ್ಪ್ರಿಂಗು, ಕೂಡಿ ಅಗಲುವ ಎರಡು ಲೋಹದ ತುಣುಕುಗಳು. ಒತ್ತಡವಿಲ್ಲದಾಗ ತುಣುಕುಗಳು ಕೂಡಿರುತ್ತವೆ. ವಿದ್ಯುತ್ತು ಕೆಂಪು ದೀಪದ ಮೂಲಕ ಹರಿದು, ಸ್ವಿಚ್ಚಿನ ಮೈಯಿಂದ ಇಂಜಿನಿಗೆ ಇಳಿದು, ದೀಪವು ಹೊತ್ತುವುದು. ಒತ್ತಡ ಬಂದರೆ ಪೊರೆಯು ಉಬ್ಬಿ ತುಣುಕುಗಳು ಅಗಲುತ್ತವೆ; ದೀಪ ಆರುವುದು. ಆದುದರಿಂದ ಬೀಗದ ಕೈಯನ್ನು ತಿರುವಿದಾಗ, ಇಂಜಿನು ಇನ್ನೂ ಹೊರಡದಿರುವಾಗ, ಈ ದೀಪವು ಹೊತ್ತಲೇ ಬೇಕು; ಇಂಜಿನು ಹೊರಟ ಒಂದೆರಡು ಕ್ಷಣಗಳಲ್ಲಿ ಆರಲೇ ಬೇಕು. ಹೊತ್ತುವುದೂ ಆರುವುದೂ ಎರಡೂ ಸೇರಿ ಒಂದು ವಾಕ್ಯ. ಬರಿಯ ಆರುವಿಕೆಗೆ ಅರ್ಥವಿಲ್ಲ.

ವರ್ಷಗಟ್ಟಲೆ ಬಿಸಿಯನ್ನು ಉಂಡ ಪೊರೆಯು ಬಿರುಸಾಗಿ ಬಿರುಕು ಬಿಡುತ್ತದೆ; ಲೋಹದ ಮೈಗೂ ತಲೆಯ ಬೇಕಲೈಟಿಗೂ ನಡುವಣ ಬಿಗಿತವು ಸಡಿಲುತ್ತದೆ; ವೈರು ಸಿಕ್ಕಿಸುವ ಕೊಂಡಿಯ ಬುಡದಿಂದ ಎಣ್ಣೆ ಜಿನುಗತೊಡಗುತ್ತದೆ. ಇಲ್ಲಿಯೇ ವಿಚಾರಕ್ಕೆ ಯೋಗ್ಯವಾದ ವೈಚಿತ್ರ್ಯವಿರುವುದು. ಎಣ್ಣೆಗೆ ಕೇಡು ಬಂದರೆ ಕೂಗಬೇಕೆಂದು ಇಟ್ಟ ಕಾವಲುಗಾರನೇ ಎಣ್ಣೆಯನ್ನು ಹೊರಕ್ಕೆ ಬಿಡುತ್ತಿದ್ದಾನೆ. ಬೇಲಿಯೇ ಎದ್ದು ಹೊಲವನ್ನು ಮೇದಂತಾಯಿತು. ಅಷ್ಟೇ ಅಲ್ಲ, ಮೇಯುತ್ತಿರುವಾಗಲೂ ಅವನು “ಎಲ್ಲ ಕ್ಷೇಮ” ಎಂದೇ ಹೇಳುತ್ತಿದ್ದಾನೆ. ಏಕೆಂದರೆ ಈ ದೀಪವು ಎಣ್ಣೆಯ ಒತ್ತಡವನ್ನು ತಿಳಿಸತಕ್ಕದ್ದೇ ಹೊರತು ಎಣ್ಣೆ ಎಷ್ಟಿದೆಯೆಂಬುದನ್ನಲ್ಲ. ತೊಟ್ಟಿಯಲ್ಲಿ ಪಂಪಿನ ಬಾಯಿ ಮುಳುಗುವಷ್ಟು ಎಣ್ಣೆ ಇರುವ ತನಕ ಒತ್ತಡ ಸರಿಯಾಗಿಯೇ ಇರುತ್ತದೆ, ದೀಪ ಆರಿಯೇ ಇರುತ್ತದೆ. ಮೊದಲ ಮಿಣುಕು ಕಾಣುವುದು ಎಣ್ಣೆಯು ಬಹಳ ಇಳಿದ ಮೇಲೆ, ಅದೂ ಘಟ್ಟದ ತಿರುವಿನಲ್ಲಿ, ಉಳಿದ ಎಣ್ಣೆಯೆಲ್ಲ ಒಂದು ಮಗ್ಗುಲಿಗೆ ಸರಿದು ಪಂಪು ಗಾಳಿಯನ್ನು ನುಂಗಿದಾಗ. ಬಯಲುಸೀಮೆಯ ನೇರವಾದ ರಸ್ತೆಯಲ್ಲಿ ಇನ್ನಷ್ಟು ದಿನ ಅಡಗಿರಬಹುದಾದ ಕೊರತೆಯು ಸಂಪಾಜೆಯ ತಿರುವಿನಲ್ಲಿ ಬೇಗ ಹೊರಬೀಳುವುದು. ಕೆಡುವುದಕ್ಕೆ ಅದಕ್ಕಿಂತ ಕೆಟ್ಟ ಸ್ಥಳವೂ ಮತ್ತೊಂದಿಲ್ಲ.

ಇನ್ನೊಂದು ಮಾತು. ಈ ಸೋರಿಕೆಯು ಇಂಜಿನು ತಿರುಗುತ್ತಿರುವಾಗ, ಒತ್ತಡವಿರುವಾಗ, ಹೆಚ್ಚು, ನಿಂತಾಗ ಕಡಮೆ. ಆದುದರಿಂದ ಮನೆಯ ಅಂಗಳದಲ್ಲಿ ಬೀಳುವುದು ಹನಿಯೋ ಎರಡು ಹನಿಯೋ, ಉಳಿದುದೆಲ್ಲ ದಾರಿಯಲ್ಲಿ. ತನ್ನ ಅಂಗಳವು ಶುಚಿಯಾಗಿದೆಯೆಂದು ಯಜಮಾನನು ತೃಪ್ತನಾಗಿರುವಾಗ, ಮೊದಲ ಮಳೆಗೆ ನೆನೆದ ತಿರುವಿನಲ್ಲಿ ಅದೇ ಎಣ್ಣೆಯ ಮೇಲೆ ಯಾವನೋ ಬೈಸಿಕಲ್ಲಿನವನು ಜಾರುತ್ತಾನೆ. ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಮಡಿಕೇರಿಯಲ್ಲಿ ಆ ಎಣ್ಣೆಯು ಕೊನೆಗೆ ಯಾವ ತೊರೆಯನ್ನು ಸೇರುವುದೆಂದು ಹೇಳಬೇಕಾಗಿಲ್ಲ.

ಗೃಹಸ್ಥನ ಮನಸ್ಸಿನಲ್ಲಿ ಎದ್ದ ವಾದಗಳನ್ನು ಪೂರ್ವಪಕ್ಷವಾಗಿ ಇಟ್ಟುಕೊಳ್ಳಬಹುದು. ಅವನು ಯಾವ ಸುಳ್ಳನ್ನೂ ಆಡಬೇಕಾಗಿಲ್ಲ. ತರುಣನು ಕೇಳಿದುದಕ್ಕೆಲ್ಲ ಸರಿಯಾದ ಉತ್ತರವನ್ನೇ ಕೊಡುತ್ತಾನೆ. ತರುಣನು ಟೈರು, ಬ್ಯಾಟರಿ, ಮೈಲೇಜು ಇವುಗಳನ್ನು ಕೇಳಿಯಾನು. ಆಯಿಲ್ ಸ್ವಿಚ್ಚನ್ನು ಕೇಳುವವರು ಯಾರು? ಹಳೆಯ ಗಾಡಿಯೆಂದ ಮೇಲೆ ಅಲ್ಲಷ್ಟು ಇಲ್ಲಷ್ಟು ಸೋರುವುದು ಲೋಕರೂಢಿ. ಕೊಳ್ಳುವವನು ನೋಡಿ ಕೊಳ್ಳಬೇಕು. ಸಂತೆಯಲ್ಲಿ ಎತ್ತನ್ನು ಕೊಳ್ಳುವವನು ಹಲ್ಲನ್ನು ಎಣಿಸುವುದಿಲ್ಲವೇ? ಸುಳಿಯನ್ನು ನೋಡುವುದಿಲ್ಲವೇ? ನಾಲ್ಕು ಹೆಜ್ಜೆ ನಡೆಸುವುದಿಲ್ಲವೇ?

ಈ ವಾದಕ್ಕೆ ಬಲವಿಲ್ಲವೆಂದು ತಳ್ಳಿಹಾಕುವಂತಿಲ್ಲ. 1930ರ ಸರಕು ಮಾರಾಟದ ಶಾಸನವು ಸಾಮಾನ್ಯವಾಗಿ ಕೊಳ್ಳುವವನ ಎಚ್ಚರಿಕೆಯನ್ನೇ ಮೂಲಸೂತ್ರವಾಗಿ ಇಟ್ಟುಕೊಂಡಿದೆ. 1872ರ ಕರಾರು ಶಾಸನದ 17ನೆಯ ಪ್ರಕರಣವೂ ಬರಿಯ ಮೌನವನ್ನು ವಂಚನೆಯೆಂದು ಎಣಿಸುವುದಿಲ್ಲ. ಆದರೆ ಅದೇ ಪ್ರಕರಣದ ವಿವರಣೆಯಲ್ಲಿ ಕುದುರೆಯ ದೃಷ್ಟಾಂತಗಳಿವೆ, ಅವುಗಳನ್ನು ಗಮನಿಸತಕ್ಕದ್ದು. ಕುದುರೆಯಲ್ಲಿ ಊನವಿದೆಯೆಂದು ತಿಳಿದೂ ಒಬ್ಬನು ಅದನ್ನು ಹರಾಜಿನಲ್ಲಿ ಮಾರಿ ಏನನ್ನೂ ಹೇಳದೆ ಇದ್ದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳೇ ಆಗಿದ್ದರೆ, ಆ ಸಂಬಂಧದ ಕಾರಣದಿಂದ ಹೇಳುವುದು ಅವನಿಗೆ ಕರ್ತವ್ಯವಾಗುತ್ತದೆ. ಕೊಳ್ಳುವವನು “ನೀನು ಅಲ್ಲಗಳೆಯದಿದ್ದರೆ ಕುದುರೆಯು ಚೆನ್ನಾಗಿದೆಯೆಂದೇ ತಿಳಿಯುತ್ತೇನೆ” ಎಂದಾಗ ಮಾರುವವನು ಬಾಯಿ ತೆರೆಯದಿದ್ದರೆ, ಆ ಮೌನವು ಮಾತಿಗೆ ಸಮಾನ.

ಈ ಮೂರನೆಯ ದೃಷ್ಟಾಂತದಲ್ಲಿಯೇ ಪ್ರಕೃತ ವಿಷಯದ ಬೀಗದ ಕೈ ಇದೆ. ಕೆಂಪು ದೀಪಕ್ಕೂ ಚಾಲಕನಿಗೂ ನಡುವೆ ಇರುವ ಒಪ್ಪಂದವು ಇದೇ ಅಲ್ಲವೇ? ಪ್ರತಿದಿನ ಬೆಳಗ್ಗೆ ಚಾಲಕನು ಬೀಗದ ಕೈಯನ್ನು ತಿರುವುತ್ತ, ಮಾತಿಲ್ಲದೆ, “ನೀನು ಅಲ್ಲಗಳೆಯದಿದ್ದರೆ ಎಲ್ಲವೂ ಚೆನ್ನಾಗಿದೆಯೆಂದು ತಿಳಿದು ಹೊರಡುತ್ತೇನೆ” ಎಂದೇ ಅದಕ್ಕೆ ಹೇಳುತ್ತಾನೆ. ಅದರ ವೈರನ್ನು ಬಿಚ್ಚಿದವನು ತಾನು ಸುಮ್ಮನಿದ್ದೆನೆಂದು ಹೇಳಿಕೊಳ್ಳುವಂತಿಲ್ಲ. ಉತ್ತರವನ್ನು ಕೊಡತಕ್ಕವನ ಬಾಯನ್ನು ಅವನು ಕಟ್ಟಿದ್ದಾನೆ.

ಮೀಮಾಂಸಕರು ಈ ವಿಷಯವನ್ನು ಮೋಟಾರುಗಾಡಿಗಳು ಹುಟ್ಟುವುದಕ್ಕೆ ಬಹು ಹಿಂದೆಯೇ ಬಿಡಿಸಿಟ್ಟಿರುವರು. ನೆಲದ ಮೇಲೆ ಗಡಿಗೆಯಿಲ್ಲವೆಂಬುದು ಹೇಗೆ ತಿಳಿಯುತ್ತದೆ? ಇಲ್ಲದಿರುವುದನ್ನು ಕಣ್ಣು ಕಾಣಲಾರದಷ್ಟೆ. ಕಾಣಿಸದಿರುವಿಕೆಯೇ ಇಲ್ಲದಿರುವಿಕೆಗೆ ಪ್ರಮಾಣವೆಂದು ಭಾಟ್ಟರೂ ಅದ್ವೈತಿಗಳೂ ಒಪ್ಪಿ ಅದಕ್ಕೆ ಅನುಪಲಬ್ಧಿಯೆಂದು ಹೆಸರಿಟ್ಟರು. ನೈಯಾಯಿಕರು ಅದನ್ನು ಬೇರೆ ಪ್ರಮಾಣವೆಂದು ಒಪ್ಪುವುದಿಲ್ಲ. ಆ ಜಗಳ ಇಲ್ಲಿ ಬೇಡ. ಇಬ್ಬರೂ ಒಪ್ಪುವ ನಿಯಮವೊಂದುಂಟು: ಇದ್ದಿದ್ದರೆ ಕಾಣಿಸಲೇಬೇಕಾಗಿತ್ತು ಎಂಬ ಯೋಗ್ಯತೆ ಇರುವಲ್ಲಿ ಮಾತ್ರ ಕಾಣಿಸದಿರುವಿಕೆಗೆ ಬೆಲೆ. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣಿಸದಿದ್ದರೆ ಗಡಿಗೆಯಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣಿಸದಿದ್ದರೆ ಏನೂ ತಿಳಿದಂತಾಗಲಿಲ್ಲ.

ದೀಪ ಆರಿರುವುದು ಕೇಡಿಲ್ಲವೆಂಬುದಕ್ಕೆ ಪ್ರಮಾಣವಾಗಬೇಕಾದರೆ, ಕೇಡಿದ್ದರೆ ಅದು ಹೊತ್ತುತ್ತಿತ್ತು ಎಂಬುದು ನಿಶ್ಚಯವಾಗಿರಬೇಕು. ಬೀಗದ ಕೈ ತಿರುವಿದಾಗ ಒಮ್ಮೆ ಹೊತ್ತುವಂತೆ ಆ ಯಂತ್ರವನ್ನು ರಚಿಸಿದವರು ಯೋಗ್ಯತೆಯ ಈ ಪರೀಕ್ಷೆಯನ್ನೇ ಅದರೊಳಗೆ ಕೂರಿಸಿದರು. ಅವರು ತರ್ಕಸಂಗ್ರಹವನ್ನು ಓದಿದ್ದರೆಂದು ಯಾರೂ ಹೇಳುವುದಿಲ್ಲ. ಸರಿಯಾಗಿ ಯೋಚಿಸುವವರು ಒಂದೇ ಕಡೆಗೆ ಬಂದು ಸೇರುವರೆಂದು ಮಾತ್ರ ಹೇಳಬಹುದು. ಬಾಳಿರುವ ದೀಪದ ಕತ್ತಲೆ, ಬಾಯಿ ಕಟ್ಟಿದ ದೀಪದ ಕತ್ತಲೆ, ಎರಡೂ ಕಣ್ಣಿಗೆ ಒಂದೇ. ಒಂದು ಸಾಕ್ಷ್ಯ, ಮತ್ತೊಂದು ಶೂನ್ಯ. ಶೂನ್ಯವನ್ನು ಸಾಕ್ಷ್ಯದ ಜಾಗದಲ್ಲಿ ಕೂರಿಸುವುದೇ ಇಲ್ಲಿ ನಡೆಯುವ ವಂಚನೆ. ಅದರಲ್ಲಿ ಒಂದಕ್ಷರದಷ್ಟೂ ಸುಳ್ಳಿಲ್ಲದಿರುವುದು ಅದನ್ನು ಹಗುರ ಮಾಡುವುದಿಲ್ಲ. ದ್ರೋಣಪರ್ವದಲ್ಲಿ ಧರ್ಮರಾಜನಾಡಿದ ಮಾತಿನಲ್ಲಿಯೂ ಸುಳ್ಳಿರಲಿಲ್ಲ. ಸತ್ತ ಆನೆಯೊಂದು ನಿಜವಾಗಿಯೂ ಇತ್ತು. ಆದರೂ ಅದುವರೆಗೆ ನೆಲಕ್ಕೆ ನಾಲ್ಕಂಗುಲ ಮೇಲೆ ಹರಿಯುತ್ತಿದ್ದ ಅವನ ರಥವು ಅಂದು ನೆಲಕ್ಕೆ ತಾಗಿತು.

ತರಗತಿಯಲ್ಲಿ ಇದಕ್ಕೆ ಸಮನಾದ ಅನುಭವವುಂಟು. ಉಪಾಧ್ಯಾಯನು ಪಾಠವನ್ನು ಮುಗಿಸಿ, “ತಿಳಿಯದವರು ಕೇಳಿರಿ” ಎನ್ನುತ್ತಾನೆ. ಯಾರೂ ಕೇಳುವುದಿಲ್ಲ. ತಿಳಿಯಿತೆಂದು ಬಗೆದು ಅವನು ಮುಂದಿನ ಪಾಠಕ್ಕೆ ಹೋಗುತ್ತಾನೆ. ಆದರೆ ಹಿಂದೊಮ್ಮೆ ಕೇಳಿದ ಹುಡುಗನು ಬೆತ್ತದ ರುಚಿಯನ್ನು ಕಂಡಿದ್ದರೆ, ಈ ಮೌನಕ್ಕೆ ಅರ್ಥವೇನು? ವೈರನ್ನು ಬಿಚ್ಚಿದವನು ಅವನೇ. ದೀಪ ಹೊತ್ತಲಿಲ್ಲವೆಂದು ಸಂತೋಷಪಡುವವನೂ ಅವನೇ. ಪರೀಕ್ಷೆಯ ದಿನವೇ ಅವನಿಗೆ ಸಂಪಾಜೆಯ ತಿರುವು. ಮನೆಗಳಲ್ಲಿಯೂ ಹೀಗೆ ನಡೆಯುವುದಿಲ್ಲವೆನ್ನುವಂತಿಲ್ಲ. ಸೊಸೆಯು ಎಂದೂ ದೂರು ಹೇಳಿಲ್ಲವೆಂದು ಹೆಮ್ಮೆಪಡುವ ಅತ್ತೆಮಾವಂದಿರು, ಹೇಳುವುದಕ್ಕೆ ಅವಳಿಗೆ ಎಡೆಯಿತ್ತೇ ಎಂದು ಒಮ್ಮೆಯಾದರೂ ಯೋಚಿಸಿದ್ದುಂಟೇ?

ಮೇಸ್ತ್ರಿಯ ಪಕ್ಷದಲ್ಲಿಯೂ ಒಂದು ಮಾತುಂಟು. ಅದನ್ನು ಕೇಳದೆ ಬಿಡುವುದು ನ್ಯಾಯವಲ್ಲ. ಹಳೆಯ ಸ್ವಿಚ್ಚುಗಳು ಕೆಲವೊಮ್ಮೆ ಸುಮ್ಮಸುಮ್ಮನೆ ಕೂಗುತ್ತವೆ. ಎಣ್ಣೆ ಸರಿಯಾಗಿದೆ, ಒತ್ತಡ ಸರಿಯಾಗಿದೆ. ಆದರೂ ಒಳಗಣ ಸ್ಪ್ರಿಂಗು ಕೆಟ್ಟು ದೀಪ ಹೊತ್ತುತ್ತಲೇ ಇರುತ್ತದೆ. ದಿನವೂ ಹುಲಿ ಬಂತೆಂದು ಕೂಗುವ ಹುಡುಗನನ್ನು ಕೊನೆಗೆ ಯಾರೂ ನಂಬುವುದಿಲ್ಲ. ಸದಾ ಹೊತ್ತಿರುವ ದೀಪವನ್ನು ಚಾಲಕನು ನೋಡುವುದನ್ನೇ ಬಿಡುತ್ತಾನೆ. ಇಂತಹ ದೀಪವನ್ನು ಆರಿಸಿದರೆ ತಪ್ಪೇನು? ಸುಳ್ಳುಸಾಕ್ಷಿಯನ್ನು ಹೊರಗೆ ಕಳುಹಿಸಿದರೆ ನ್ಯಾಯಸ್ಥಾನಕ್ಕೆ ನಷ್ಟವೇ?

ನಷ್ಟವಿಲ್ಲ, ಆದರೆ ಸುಳ್ಳುಸಾಕ್ಷಿಯೆಂಬುದು ಮೊದಲು ಗೊತ್ತಾಗಬೇಕು, ಅವನ ಜಾಗದಲ್ಲಿ ಮತ್ತೊಬ್ಬನು ಬರಬೇಕು. ಗೊತ್ತುಮಾಡಿಕೊಳ್ಳುವ ವಿಧಾನವು ಕಷ್ಟವಾದುದಲ್ಲ. ಸ್ವಿಚ್ಚನ್ನು ಬಿಚ್ಚಿ ಅದೇ ರಂಧ್ರಕ್ಕೆ ಮುಳ್ಳಿನ ಒತ್ತಡಮಾಪಕವೊಂದನ್ನು ತಿರುಪಿ ಇಂಜಿನನ್ನು ನಡೆಸಿದರೆ, ತಪ್ಪು ಎಣ್ಣೆಯದೋ ಹೇಳುವವನದೋ ಎಂಬುದು ಅಲ್ಲಿಯೇ ಇತ್ಯರ್ಥ. ಹೊರಗಿನ ಸೋರಿಕೆಗೂ ವಿಚಾರಣೆ ಬೇಕು. ಕವಾಟಗಳ ಮುಚ್ಚಳದ ಗ್ಯಾಸ್ಕೆಟ್ಟು ಸೋರಿದರೆ ಎಣ್ಣೆಯು ಇಂಜಿನಿನ ಮೈಮೇಲೆ ಇಳಿದು ಬಂದು ಸ್ವಿಚ್ಚಿನ ಬುಡದಲ್ಲಿ ನಿಲ್ಲುವುದುಂಟು; ಮೇಲಿನವನು ಮಾಡಿದ ತಪ್ಪಿಗೆ ಕೆಳಗಿನವನು ದಂಡ ತೆರುವುದು ಯಂತ್ರದಲ್ಲಿಯೂ ಇದೆ. ಆ ಜಾಗವನ್ನು ಚೆನ್ನಾಗಿ ಒರೆಸಿ, ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ಎರಚಿ ಇಂಜಿನನ್ನು ಸ್ವಲ್ಪ ಹೊತ್ತು ನಡೆಸಿದರೆ, ಒದ್ದೆಯು ಎಲ್ಲಿಂದ ಮೊದಲಾಗುವುದೆಂದು ಕಾಣುತ್ತದೆ. ಸೀಮೆಸುಣ್ಣದಿಂದ ಪಾಠಶಾಲೆಗೆ ಹೊರಗೂ ಸತ್ಯವು ಪ್ರಕಟವಾಗುವುದೆಂಬುದು ಸಂತೋಷದ ವಿಷಯ.

ಹೊಸದನ್ನು ಕೂರಿಸುವಾಗಲೂ ಅವಸರ ಸಲ್ಲದು. ಇಂಜಿನು ತಣಿದಿರಬೇಕು. ಹಳೆಯದನ್ನು ಉದ್ದನೆಯ ಸಾಕೆಟ್ಟಿನಿಂದ ಬಿಚ್ಚಿ, ರಂಧ್ರದ ಮರೆಗಳನ್ನು ಒರೆಸಿ, ಹೊಸದನ್ನು ಮೊದಲು ಬೆರಳಿನಿಂದಲೇ ತಿರುಪಿ, ಬಳಿಕ ಮಿತವಾಗಿ ಬಿಗಿಯಬೇಕು. ಸೋರಬಾರದೆಂದು ಬಲವನ್ನೆಲ್ಲ ಹಾಕಿ ಬಿಗಿದವನು ಅಲ್ಯುಮಿನಿಯಮ್ಮಿನ ಎರಕವನ್ನೇ ಸೀಳುವನು. ಮರೆಗೆ ಟೇಪನ್ನು ಅತಿಯಾಗಿ ಸುತ್ತಿದರೆ, ಮೈಯ ಮೂಲಕವೇ ವಿದ್ಯುತ್ತನ್ನು ಇಳಿಸುವ ಸ್ವಿಚ್ಚಿಗೆ ಇಂಜಿನಿನ ಸ್ಪರ್ಶ ತಪ್ಪಿ, ಹೊಸ ದೀಪವೂ ಮೂಕವಾಗುವುದು. ಬಳಿಕ ಇಂಜಿನನ್ನು ನಡೆಸಿ ನೋಡಿ, ಅಳತೆಯ ಕಡ್ಡಿಯನ್ನು ಎಳೆದು ಗುರುತಿನ ತನಕ ಎಣ್ಣೆಯನ್ನು ತುಂಬಿ, ಇಪ್ಪತ್ತು ಮೂವತ್ತು ಕಿಲೋಮೀಟರು ಓಡಿಸಿ, ಮತ್ತೆ ಒಮ್ಮೆ ಬೆರಳಿಟ್ಟು ನೋಡಬೇಕು. ಕೆಲಸವೆಲ್ಲ ಸೇರಿ ಅರ್ಧ ಘಂಟೆಯದು. ಅರ್ಧ ಘಂಟೆಯ ಕೆಲಸವನ್ನು ಉಳಿಸುವುದಕ್ಕಾಗಿ ಎಷ್ಟು ದೊಡ್ಡ ವಾದಸರಣಿಯನ್ನು ಕಟ್ಟಬೇಕಾಯಿತೆಂಬುದನ್ನು ನೋಡಿದರೆ, ಮನುಷ್ಯನ ಬುದ್ಧಿಯ ಮೇಲೆ ಗೌರವವೂ ಕನಿಕರವೂ ಏಕಕಾಲದಲ್ಲಿ ಹುಟ್ಟುತ್ತವೆ.

ಮೂಕಮಾಡುವುದಕ್ಕಿಂತ ಘೋರವಾದ ಉಪಾಯವೊಂದುಂಟು, ಬಲ್ಲವರು ಬಲ್ಲರು. ದೀಪವು ಹೊತ್ತದಿದ್ದರೆ ಎಚ್ಚರವುಳ್ಳ ಗಿರಾಕಿಗೆ ಸಂಶಯ ಬಂದೀತೆಂದು, ಅದರ ವೈರನ್ನು ಬ್ಯಾಟರಿಯ ದೀಪದ ವೈರಿಗೆ ಸೇರಿಸುವರು. ಆಗ ಕೈ ತಿರುವಿದಾಗ ಎರಡೂ ಹೊತ್ತುತ್ತವೆ, ಇಂಜಿನು ಹೊರಟಾಗ ಎರಡೂ ಆರುತ್ತವೆ. ಎಣ್ಣೆಗೂ ಆ ದೀಪಕ್ಕೂ ಸಂಬಂಧವೇ ಇಲ್ಲ. ಸಾಕ್ಷಿಯ ಬಾಯಿ ಕಟ್ಟುವುದು ಒಂದು. ಅವನಿಗೆ ಸುಳ್ಳನ್ನು ಕಲಿಸಿ ಕಟಕಟೆಗೆ ಏರಿಸುವುದು ಮತ್ತೊಂದು. ಸ್ಮೃತಿಕಾರರು ಕೂಟಸಾಕ್ಷಿಯೆಂದು ಕರೆದುದು ಇವನನ್ನೇ. ಮೊದಲನೆಯದರಲ್ಲಿ ಪರೀಕ್ಷಿಸುವವನಿಗೆ ದಾರಿ ಉಳಿದಿದೆ; ಎರಡನೆಯದು ಪರೀಕ್ಷೆಯನ್ನೇ ಕೆಡಿಸುತ್ತದೆ. ಮಾಡಿಸಿದವನಿಗಿರುವಷ್ಟೇ ಪಾಲು ಮಾಡಿಕೊಟ್ಟವನಿಗೂ ಇದೆ. ಕೂಲಿ ಸ್ವಲ್ಪವೆಂದು ಪಾಲು ಕಡಮೆಯಾಗದು.

ಕೊಳ್ಳುವವನ ಪರೀಕ್ಷೆಯನ್ನು ಹಿಂದಿನವರು ಎಷ್ಟು ಗೌರವಿಸಿದ್ದರೆಂಬುದಕ್ಕೆ ಯಾಜ್ಞವಲ್ಕ್ಯರ ವ್ಯವಹಾರಾಧ್ಯಾಯವನ್ನು ನೋಡಬಹುದು. ಕೊಂಡ ವಸ್ತುವನ್ನು ಪರೀಕ್ಷಿಸುವುದಕ್ಕೆ ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು, ಹೊರುವ ಎಳೆಯುವ ಪಶುವಿಗೆ ಐದು, ರತ್ನಕ್ಕೆ ಏಳು, ಕರೆಯುವ ದನಕ್ಕೆ ಮೂರು ದಿನವೆಂದು ಅವಧಿಗಳಿವೆ. ಕಾರು ಕಬ್ಬಿಣವೇ, ವಾಹ್ಯವೇ? ಮಾರುವವನು ಕಬ್ಬಿಣವೆಂದು ವಾದಿಸಿಯಾನು, ಕೊಂಡವನು ವಾಹ್ಯವೆಂದಾನು. ಪಂಡಿತರಿಗೆ ಒಂದು ಮಧ್ಯಾಹ್ನ ಸುಖವಾಗಿ ಕಳೆದೀತು. ಅವಧಿಯ ಹಿಂದಿರುವ ಭಾವನೆ ಮಾತ್ರ ಸ್ಪಷ್ಟ: ವಸ್ತುವು ತನ್ನ ಗುಣದೋಷವನ್ನು ತಾನೇ ಹೇಳಿಕೊಳ್ಳುವುದಕ್ಕೆ ಎಡೆಯಿರಬೇಕು. ಊನವಾದುದನ್ನೂ ಮರೆಮಾಡಿದುದನ್ನೂ ಮಾರಬಾರದೆಂದು ಮನುವಿನ ಎಂಟನೆಯ ಅಧ್ಯಾಯದಲ್ಲಿಯೂ ವಿಧಿಯುಂಟು. ರೋಮಿನ ಸಿಸೆರೋ ಕ್ರಿಸ್ತಪೂರ್ವ 44ರಲ್ಲಿ ಬರೆದ ಕರ್ತವ್ಯಗ್ರಂಥದ ಮೂರನೆಯ ಭಾಗದಲ್ಲಿ ಇದೇ ಚರ್ಚೆ ಬರುವುದು. ಕ್ಷಾಮಪೀಡಿತವಾದ ರೋಡ್ಸ್ ದ್ವೀಪಕ್ಕೆ ಧಾನ್ಯವನ್ನು ತಂದ ವರ್ತಕನು, ಹಿಂದೆ ಇನ್ನೂ ಹಡ­ಗುಗಳು ಬರುತ್ತಿರುವುದನ್ನು ಹೇಳಬೇಕೇ? ರೋಗಕಾರಕವಾದ ಮನೆಯನ್ನು ಮಾರುವವನು ದೋಷವನ್ನು ತಿಳಿಸಬೇಕೇ? ಹೇಳದಿರುವುದು ಬೇರೆ, ಮರೆಮಾಡುವುದು ಬೇರೆ ಎಂದು ಡಯೋಜನೀಸನ ಪಕ್ಷ. ತಿಳಿಸಲೇಬೇಕೆಂದು ಅವನ ಶಿಷ್ಯ ಆಂಟಿಪೇಟರನ ಪಕ್ಷ. ಸಿಸೆರೋ ಶಿಷ್ಯನ ಕಡೆಗೇ ಒಲಿದನು. ಆದರೆ ಬಾಯಿಲ್ಲದ ಮನೆಗೂ ಧಾನ್ಯಕ್ಕೂ ಕಟ್ಟುವುದಕ್ಕೆ ಬಾಯಿ ಇರಲಿಲ್ಲ. ಗಾಡಿಗೆ ಬಾಯಿಯುಂಟು. ಗೃಹಸ್ಥನ ಸಂದರ್ಭದಲ್ಲಿ ಡಯೋಜನೀಸನೂ ಅವನ ಕೈಬಿಟ್ಟಾನು.

ಸೆಪ್ಟೆಂಬರ್ ಮೊದಲಲ್ಲಿ ಕೊಡಗಿನ ಮನೆಗಳಲ್ಲಿ ಕೈಲ್ ಮುಹೂರ್ತವು ನಡೆಯುತ್ತದೆ. ಕೈಲ್‌ಪೊಳ್ದ್ ಎಂದೂ ಹೇಳುವರು. ಕೋವಿಯನ್ನೂ ಕತ್ತಿಗಳನ್ನೂ ಶುಚಿಮಾಡಿ ಇಟ್ಟು, ತೋಕ್ ಪೂವನ್ನು ಮುಡಿಸಿ ಪೂಜಿಸುವರು. ಇದರಲ್ಲಿ ಮೆಚ್ಚತಕ್ಕ ವಿಶೇಷವೆಂದರೆ, ಪೂಜೆಯಾದ ಕೋವಿಯು ಮೂಲೆಯನ್ನು ಸೇರುವುದಿಲ್ಲ. ತೆಂಗಿನಕಾಯಿಯನ್ನು ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ. ಹೂ ಮುಡಿದ ಕೋವಿಯು ತನ್ನ ಯೋಗ್ಯತೆಯನ್ನು ತೋರಿಸಿಕೊಡಬೇಕಾಗುತ್ತದೆ. ದಸರೆಯ ಆಯುಧಪೂಜೆಯಲ್ಲಿ ಗಾಡಿಗಳಿಗೆ ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣನ್ನು ಇಟ್ಟು, ಬಾನೆಟ್ಟಿನ ಮೇಲೆ ಹಾರವನ್ನು ಹಾಕುವವರಲ್ಲಿ ಬಾನೆಟ್ಟನ್ನು ಎತ್ತಿ ಅಳತೆಯ ಕಡ್ಡಿಯನ್ನು ನೋಡುವವರು ಎಷ್ಟು ಮಂದಿಯೋ!

ಗೃಹಸ್ಥನು ಷೆಡ್ಡಿನ ಮುಂದಿನ ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತಿದ್ದನು. ಕರಾರು ಶಾಸನವೂ ಅನುಪಲಬ್ಧಿಯೂ ಅವನಿಗೆ ತಿಳಿಯದು. ಆ ತರುಣನು ಮೊದಲ ಸಲ ಗಾಡಿಯನ್ನು ನೋಡಲು ಬಂದಾಗ ತನ್ನ ತಾಯಿಯನ್ನೂ ಕರೆತಂದಿದ್ದನು. ಆಕೆ ಹಿಂದಿನ ಸೀಟಿನಲ್ಲಿ ಕುಳಿತು, “ಕಾಲು ಚಾಚುವುದಕ್ಕೆ ಜಾಗವಿದೆ ಮಗಾ” ಎಂದಿದ್ದಳು. ಅದೊಂದು ಅವನ ನೆನಪಿಗೆ ಬಂದಿತು. “ವೈರು ಇದ್ದ ಹಾಗೆಯೇ ಇರಲಿ ಮೇಸ್ತ್ರಿ, ಮೈಸೂರಿಗೆ ಹೇಳಿಕಳುಹಿಸು” ಎಂದು ಎದ್ದನು.

ಸಂಜೆ ತರುಣನು ಬಂದಾಗ ಇದ್ದುದನ್ನು ಹೇಳಿದನು. ತರುಣನು ಮೆಚ್ಚಿ ಕೊಂಡಾಡಲಿಲ್ಲ, ಮುಖವನ್ನು ಗಂಟಿಕ್ಕಿದನು. ಇನ್ನು ಏನೇನು ಸೋರುವುದೋ ಎಂದು ಕೇಳಿ, ಬೆಲೆಯಲ್ಲಿ ಐದು ಸಾವಿರವನ್ನು ಇಳಿಸಿದನು. ಕೆಲವು ನೂರರ ಸಾಮಾನಿಗೆ ಐದು ಸಾವಿರವೇ ಎಂದು ಗೃಹಸ್ಥನಿಗೆ ಸಿಟ್ಟು ಬಂದಿತು. ಹೇಳಿದುದೇ ತಪ್ಪಾಯಿತೆಂದು ಹೆಂಡತಿಯ ಮುಂದೆ ಆಡಿಕೊಂಡನು. ಆಕೆಯು ಆತನಿಗೆ ಸಮಾಧಾನವನ್ನೂ ಹೇಳಲಿಲ್ಲ, ಹೌದೆಂದೂ ಅನ್ನಲಿಲ್ಲ.

ಮೂರನೆಯ ದಿನ ಮೇಸ್ತ್ರಿಯು ಹೊಸ ಸ್ವಿಚ್ಚನ್ನು ಕೂರಿಸಿದನು. ಹಣವನ್ನು ಗೃಹಸ್ಥನೇ ತೆತ್ತನು. ತರುಣನು ಕುಳಿತು ಕೈಯನ್ನು ತಿರುವಿದನು. ಕೆಂಪು ದೀಪ ಹೊತ್ತಿತು. ಇಂಜಿನು ಹೊರಟಿತು, ದೀಪ ಆರಿತು. ಅವನು ಇಂಜಿನನ್ನು ನಿಲ್ಲಿಸಿ, ಇಳಿದು, ಸ್ವಲ್ಪ ಹೊತ್ತು ಕಾದು, ಯಾರನ್ನೂ ಕೇಳದೆ ಬಾನೆಟ್ಟನ್ನು ಎತ್ತಿ, ಅಳತೆಯ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ಇಳಿಬಿಟ್ಟು ಎಳೆದು, ಬೆಳಕಿಗೆ ಹಿಡಿದು ನೋಡಿದನು.